ಕಸದ ಕಾನೂನು ಮತ್ತು ಉದ್ಯಮಿಗಳ ಅಭಿಪ್ರಾಯ: ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು?

ಮುಂಬಯಿ ಮಹಾನಗರದಲ್ಲಿ ದಿನವೊಂದಕ್ಕೆ ಆರು ಸಾವಿರ ಟನ್ನಿಗೂ ಮಿಕ್ಕಿ ಕಸ ಉತ್ಪತ್ತಿಯಾಗುತ್ತದೆ. 1927ರಿಂದ ಈ ನಗರದ ಕಸದ ಭಾರವನ್ನು ಹೊತ್ತುಕೊಂಡು ಬಂದ ದೇವನಾರ್ ಕಸದ ಬೆಟ್ಟವು 2016ರ ಜನವರಿಯಲ್ಲಿ ಹೊತ್ತಿ ಉರಿದಾಗ ಚೆಂಬೂರು, ಗೋವಂಡಿ ಪರಿಸರದ ನಿವಾಸಿಗಳು ದಿನಗಟ್ಟಲೆ ಹೊಗೆಯನ್ನೇ ಉಸಿರಾಡಬೇಕಾಯಿತು. ಅದಕ್ಕೂ ಮುನ್ನ, 2005ರ ಜುಲೈ 26ರ ಮಹಾಮಳೆಯಲ್ಲಿ ನಗರ ಮುಳುಗಿದಾಗ ಚರಂಡಿಗಳಲ್ಲಿ ಸಿಕ್ಕಿಕೊಂಡಿದ್ದ ತೆಳು ಪ್ಲಾಸ್ಟಿಕ್ ಚೀಲಗಳ ಕುರಿತು ಎಲ್ಲೆಡೆ ಚರ್ಚೆ ನಡೆದಿತ್ತು. ಅದರ ಬೆನ್ನಲ್ಲೇ ಮಹಾರಾಷ್ಟ್ರ ಸರಕಾರವು 50 ಮೈಕ್ರಾನ್‌ಗಿಂತ ತೆಳುವಾದ ಚೀಲಗಳ ಮೇಲೆ ನಿರ್ಬಂಧ ಹೇರಿತು. ಆದ್ದರಿಂದ ಕಸಕ್ಕೆ ಸಂಬಂಧಿಸಿದ ಕಾನೂನು ಬೇಕೇ ಬೇಡವೇ ಎಂಬ ವಿಷಯದಲ್ಲಿ ಈ ನಗರದಲ್ಲಿ ನೆಲೆಸಿದವರಿಗೆ ಭಿನ್ನಾಭಿಪ್ರಾಯ ಇರಲಾರದು. ಆ ಕಾನೂನನ್ನು ರೂಪಿಸುವಾಗ ಅದರಂತೆ ನಡೆಯಬೇಕಾದವರನ್ನು ಸರಕಾರ ಹೇಗೆ ಕೇಳುತ್ತದೆ, ಕೇಳಿದ ಮೇಲೆ ಏನು ಮಾಡುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಮುಂಬಯಿ ಕನ್ನಡಿಗರ ಪಾಲಿಗೆ ಇದು ದೂರದ ವಿಚಾರವಲ್ಲ. ಹೊಟೇಲು, ಕ್ಯಾಟರಿಂಗ್, ಕಿರಾಣಿ, ಸಿಹಿತಿಂಡಿ, ಪ್ಯಾಕಿಂಗ್ ಸಾಮಗ್ರಿ ಮುಂತಾದ ವ್ಯವಹಾರಗಳಲ್ಲಿ ನಮ್ಮವರು ತಲೆಮಾರುಗಳಿಂದ ತೊಡಗಿಸಿಕೊಂಡಿದ್ದಾರೆ. ಹೊಟೇಲು ಉದ್ಯಮದ ಪ್ರಾತಿನಿಧಿಕ ಸಂಸ್ಥೆಯಾದ ‘ಆಹಾರ್’ನ ಸದಸ್ಯರಲ್ಲಿ ತುಳು-ಕನ್ನಡಿಗರ ಸಂಖ್ಯೆ ದೊಡ್ಡದು. ಕಸದ ಕಾನೂನಿನ ಒಂದೊಂದು ಸಾಲೂ ಇಂತಹ ಕುಟುಂಬಗಳ ದಿನದ ದುಡಿಮೆಗೆ ನೇರವಾಗಿ ತಾಗುತ್ತದೆ.

ಹಳೆಯ ರೂಢಿಗೆ ಹೊಸ ಹೆಸರು

ಇತ್ತೀಚಿನ ವರ್ಷಗಳಲ್ಲಿ ‘ಸರ್ಕ್ಯುಲರ್ ಎಕಾನಮಿ’, ಅಂದರೆ ವೃತ್ತಾಕಾರದ ಆರ್ಥಿಕತೆ ಎಂಬ ಮಾತು ಸರಕಾರಿ ದಾಖಲೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತಿದೆ. ವಸ್ತುವನ್ನು ತಯಾರಿಸಿ, ಬಳಸಿ, ಎಸೆದುಬಿಡುವ ಕ್ರಮವು ಸರಳ ರೇಖೆಯಂತಿರುತ್ತದೆ. ಬಳಸಿದ ವಸ್ತುವನ್ನೇ ಮರಳಿ ಬಳಕೆಗೆ ತರುವುದು, ರಿಪೇರಿ ಮಾಡುವುದು, ಕೊನೆಗೆ ಕರಗಿಸಿ ಹೊಸ ವಸ್ತುವಿಗೆ ಕಚ್ಚಾ ಸಾಮಗ್ರಿಯಾಗಿಸುವುದು ವೃತ್ತಾಕಾರದ ಕ್ರಮ. ಮಾತು ಹೊಸದಾದರೂ ರೂಢಿ ನಮಗೆ ಹೊಸದಲ್ಲ. ಆರೆ ಹಾಲಿನ ಗಾಜಿನ ಬಾಟಲಿಯನ್ನು ತೊಳೆದು ಮರಳಿ ಕೊಟ್ಟು ಹೊಸ ಬಾಟಲಿ ತರುತ್ತಿದ್ದ ದಿನಗಳು ಹಿರಿಯರ ನೆನಪಿನಲ್ಲಿವೆ. 1890ರಿಂದ ನಡೆದುಬಂದ ಡಬ್ಬಾವಾಲಾಗಳ ವ್ಯವಸ್ಥೆಯಲ್ಲಿ ಡಬ್ಬಿ ಮಧ್ಯಾಹ್ನ ಊಟ ಹೊತ್ತು ಹೋಗಿ ಸಂಜೆಯೊಳಗೆ ಮನೆಗೆ ಮರಳುತ್ತದೆ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆಯ ಊಟಕ್ಕೆ ಇಂದಿಗೂ ಸಾಲು ನಿಲ್ಲುವವರಿದ್ದಾರೆ.

ಈ ರೂಢಿಗಳು ತಮ್ಮಷ್ಟಕ್ಕೆ ಉಳಿದು ಬಂದವಲ್ಲ. ಬಾಟಲಿ ಮರಳಿ ಬರಬೇಕಾದರೆ ಅದನ್ನು ಸ್ವೀಕರಿಸುವ ಬೂತು, ತೊಳೆಯುವ ಘಟಕ, ಸಾಗಿಸುವ ಲಾರಿ ಇರಬೇಕು. ಒಟ್ಟಾರೆ ಲೆಕ್ಕದಲ್ಲಿ ಯಾರಿಗೂ ನಷ್ಟವಾಗಬಾರದು. ಕಾನೂನು ಮಾಡುವ ಅಧಿಕಾರಿಗೆ ಈ ಸರಪಣಿಯ ಪ್ರತಿಯೊಂದು ಕೊಂಡಿಯೂ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಗಲ್ಲಾದ ಮೇಲೆ ಕುಳಿತವರಿಗೆ, ಅಡುಗೆಮನೆಯ ಮೇಲ್ವಿಚಾರಕರಿಗೆ, ಗುಜರಿ ಅಂಗಡಿಯವರಿಗೆ. ಉದ್ಯಮಿಗಳ ಅಭಿಪ್ರಾಯ ಕೇಳಬೇಕೆನ್ನುವುದಕ್ಕೆ ಮುಖ್ಯ ಕಾರಣ ಇದೇ. ಅವರನ್ನು ಓಲೈಸುವುದು ಇದರ ಉದ್ದೇಶವಲ್ಲ; ಅವರ ಬಳಿ ಇರುವ ತಿಳಿವಳಿಕೆ ಇಲ್ಲದಿದ್ದರೆ ಕಾನೂನು ಕಾಗದದ ಮೇಲೆಯೇ ಉಳಿದುಬಿಡುತ್ತದೆ.

2018ರ ನಿಷೇಧ ಹೇಳುವ ಪಾಠ

ಇದಕ್ಕೆ ನಮ್ಮ ಕಣ್ಣಮುಂದಿನ ಉದಾಹರಣೆಯೆಂದರೆ ಮಹಾರಾಷ್ಟ್ರದ ಪ್ಲಾಸ್ಟಿಕ್ ನಿಷೇಧ. 2018ರ ಮಾರ್ಚ್ 23ರಂದು ಸರಕಾರವು 2006ರ ರಾಜ್ಯ ಕಾಯಿದೆಯಡಿ ಅಧಿಸೂಚನೆ ಹೊರಡಿಸಿ ಪ್ಲಾಸ್ಟಿಕ್ ಚೀಲಗಳು, ಪ್ಲಾಸ್ಟಿಕ್ ಹಾಗೂ ಥರ್ಮೋಕೋಲ್‌ನ ತಟ್ಟೆ, ಲೋಟ, ಚಮಚ, ಹೊಟೇಲುಗಳ ಪಾರ್ಸೆಲ್ ಡಬ್ಬಿ ಇತ್ಯಾದಿಗಳ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000 ರೂಪಾಯಿ, ಮೂರನೆಯದಕ್ಕೆ 25,000 ರೂಪಾಯಿ ದಂಡದೊಂದಿಗೆ ಮೂರು ತಿಂಗಳ ಸೆರೆವಾಸ ಎಂದು ವಿಧಿಸಲಾಯಿತು. ತಯಾರಕರು ಮತ್ತು ವರ್ತಕರ ಸಂಘಗಳು ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದವು. ನ್ಯಾಯಾಲಯವು ನಿಷೇಧಕ್ಕೆ ತಡೆ ನೀಡಲಿಲ್ಲ. ಆದರೆ ಬಳಕೆದಾರರಿಗೆ ತಮ್ಮಲ್ಲಿರುವ ಸಾಮಗ್ರಿ ವಿಲೇವಾರಿ ಮಾಡಲು ಜೂನ್ 23ರವರೆಗೆ ಕಾಲಾವಕಾಶ ದೊರೆಯಿತು.

ಉದ್ದೇಶ ಶ್ಲಾಘನೀಯವಾಗಿತ್ತು. ಆದರೆ ಅಧಿಸೂಚನೆ ಹೊರಬಿದ್ದ ಮೇಲೆ ನಡೆದದ್ದನ್ನು ಗಮನಿಸಬೇಕು. ಚಿಕ್ಕ ಪೆಟ್ ಬಾಟಲಿಗಳ ಕುರಿತಾದ ನಿಯಮ ಏಪ್ರಿಲ್‌ನಲ್ಲೇ ಬದಲಾಯಿತು. ಗಡುವು ಮುಗಿದು ದಂಡ ವಸೂಲಿ ಆರಂಭವಾದ ಒಂದೇ ವಾರದೊಳಗೆ ಕಿರಾಣಿ ವರ್ತಕರ ಬೇಡಿಕೆಗೆ ಸ್ಪಂದಿಸಿ, ಬೇಳೆ, ಸಕ್ಕರೆಯಂತಹ ಸಾಮಗ್ರಿಗಳನ್ನು 50 ಮೈಕ್ರಾನ್‌ಗಿಂತ ದಪ್ಪದ ಪ್ಲಾಸ್ಟಿಕ್‌ನಲ್ಲಿ ಕಟ್ಟಿಕೊಡಲು ಷರತ್ತುಬದ್ಧ ಅನುಮತಿ ನೀಡಲಾಯಿತು. ಸಡಿಲಿಕೆಯ ಇಂತಹ ಕ್ರಮ ಮುಂದಿನ ವರ್ಷಗಳಲ್ಲೂ ಮುಂದುವರಿಯಿತು. ಇನ್ನೊಂದೆಡೆ, ಗಣೇಶೋತ್ಸವದ ಮಂಟಪಗಳಿಗಾಗಿ ಥರ್ಮೋಕೋಲ್ ಅಲಂಕಾರ ಸಿದ್ಧಪಡಿಸುವವರು ಆ ವರ್ಷದ ಹಬ್ಬಕ್ಕಾದರೂ ವಿನಾಯಿತಿ ಕೋರಿ ನ್ಯಾಯಾಲಯಕ್ಕೆ ಹೋದರೂ ಅವರಿಗೆ ಅದು ದೊರೆಯಲಿಲ್ಲ.

ಹಾಲಿನ ಪೊಟ್ಟಣದ ಕತೆ ಇನ್ನಷ್ಟು ಬೋಧಪ್ರದ. ಹಾಲಿನ ಪೊಟ್ಟಣವನ್ನು ನಿಷೇಧದಿಂದ ಹೊರಗಿಟ್ಟ ಸರಕಾರವು, ಖಾಲಿ ಪೊಟ್ಟಣವನ್ನು ಮರಳಿಸಿದವರಿಗೆ ಕನಿಷ್ಠ 50 ಪೈಸೆ ಕೊಡುವ ವ್ಯವಸ್ಥೆ ಇರಬೇಕೆಂದು ಅದೇ ಅಧಿಸೂಚನೆಯಲ್ಲಿ ಸೂಚಿಸಿತ್ತು. ತತ್ವತಃ ಇದು ವೃತ್ತಾಕಾರದ ಆರ್ಥಿಕತೆಯ ಅತ್ಯುತ್ತಮ ಮಾದರಿ. ಆದರೆ ಬೆಳಗ್ಗೆ ಐದು ಗಂಟೆಗೆ ನೂರಾರು ಪೊಟ್ಟಣ ಮಾರುವ ಚಿಕ್ಕ ಅಂಗಡಿಯವನು ಹುಳಿವಾಸನೆ ಬೀರುವ ಖಾಲಿ ಪೊಟ್ಟಣಗಳನ್ನು ಎಲ್ಲಿ ಶೇಖರಿಸಿಡಬೇಕು, ತಾನು ಮುಂಗಡವಾಗಿ ಕೊಟ್ಟ 50 ಪೈಸೆಯನ್ನು ಡೈರಿಯಿಂದ ಯಾವಾಗ ವಸೂಲು ಮಾಡಬೇಕು, ಪೊಟ್ಟಣಗಳನ್ನು ಒಯ್ಯಲು ಯಾರು ಬರುತ್ತಾರೆ ಎಂಬ ಪ್ರಶ್ನೆಗಳಿಗೆ ಕಾರ್ಯಸಾಧ್ಯವಾದ ಉತ್ತರ ಬೇಕಿತ್ತು. 2019ರ ಜೂನ್‌ನಲ್ಲಿ ಅಂದಿನ ಪರಿಸರ ಸಚಿವ ರಾಮದಾಸ್ ಕದಮ್ ಅವರು ಇದೇ ಯೋಜನೆಯನ್ನು ಜಾರಿಗೊಳಿಸುವುದಾಗಿ ವಿಧಾನಸಭೆಯಲ್ಲಿ ಮತ್ತೊಮ್ಮೆ ಘೋಷಿಸಬೇಕಾಯಿತು ಎಂಬುದರಿಂದಲೇ ಮೊದಲ ವರ್ಷ ಹೇಗೆ ಕಳೆಯಿತೆಂದು ಊಹಿಸಬಹುದು.

ಉಡುಪಿ ಹೊಟೇಲುಗಳ ಸಮಸ್ಯೆಯೂ ಇದೇ ಬಗೆಯದು. ನಮ್ಮ ಕರಾವಳಿಯವರು ‘ತೊಟ್ಟೆ’ ಎಂದು ಕರೆಯುವ ತೆಳು ಚೀಲದಲ್ಲಿ ಸಾಂಬಾರು, ಚಟ್ನಿ ಕಟ್ಟಿಕೊಡುವುದು ದಶಕಗಳ ಪದ್ಧತಿ. ಇಡ್ಲಿಯನ್ನು ಬಾಳೆಲೆಯಲ್ಲಿ ಕಟ್ಟಬಹುದು, ಬಿಸಿ ಸಾಂಬಾರನ್ನು ಕಟ್ಟಲಾಗದು. ಅಲ್ಯೂಮಿನಿಯಂ ಡಬ್ಬಿಗೋ ಮುಚ್ಚಳವಿರುವ ಕಾಗದದ ಲೋಟಕ್ಕೋ ತಗಲುವ ಖರ್ಚು ಒಂದು ಪ್ಲೇಟ್ ಇಡ್ಲಿಯ ಲಾಭದಲ್ಲಿ ಗಣನೀಯ ಪಾಲನ್ನು ನುಂಗುತ್ತದೆ. ಕಾಗದದ ಲೋಟದ ಒಳಪದರವೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕೇ ಆಗಿರುವುದರಿಂದ ಅದನ್ನು ಮರುಸಂಸ್ಕರಿಸುವುದೂ ಸುಲಭವಲ್ಲ. ಗಿರಾಕಿಗಳೇ ಮನೆಯಿಂದ ಸ್ಟೀಲ್ ಡಬ್ಬಿ ತರುವುದು ಎಲ್ಲಕ್ಕಿಂತ ಉತ್ತಮ ಪರಿಹಾರವಾದರೂ ಆ ಅಭ್ಯಾಸ ಬೆಳೆಯಲು ಸಮಯ ಬೇಕು. ಹೊಟೇಲಿನವರನ್ನು ಮೊದಲೇ ಕೇಳಿದ್ದರೆ ಇವೆಲ್ಲವೂ ಅರ್ಧ ಗಂಟೆಯಲ್ಲಿ ತಿಳಿಯಬಹುದಾದ ಸಂಗತಿಗಳು.

ಕಾನೂನು ಏನು ಹೇಳುತ್ತದೆ?

ಅಭಿಪ್ರಾಯ ಕೇಳುವುದು ಸರಕಾರದ ಔದಾರ್ಯವೆಂದು ಅನೇಕರು ಭಾವಿಸಿದ್ದಾರೆ. ಕೇಂದ್ರದ ನಿಯಮಗಳ ಮಟ್ಟಿಗೆ ಅದು ಸರಿಯಲ್ಲ. ಪ್ಲಾಸ್ಟಿಕ್, ಇಲೆಕ್ಟ್ರಾನಿಕ್ ತ್ಯಾಜ್ಯ, ಬ್ಯಾಟರಿ ಮೊದಲಾದವುಗಳ ನಿಯಮಗಳು 1986ರ ಪರಿಸರ (ಸಂರಕ್ಷಣೆ) ಕಾಯಿದೆಯಡಿ ರೂಪುಗೊಳ್ಳುತ್ತವೆ. ಇವುಗಳ ಕರಡನ್ನು ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆ ಮತ್ತು ಸಲಹೆಗಳಿಗೆ 60 ದಿನಗಳ ಅವಕಾಶ ನೀಡಲಾಗುತ್ತದೆ. ಸಾರ್ವಜನಿಕ ಹಿತದ ಕಾರಣ ನೀಡಿ ಈ ಹಂತವನ್ನು ಬಿಟ್ಟುಬಿಡಲು ಸರಕಾರಕ್ಕೆ ಅಧಿಕಾರವಿದ್ದರೂ ಅದು ಅಪವಾದವಾಗಿರಬೇಕೇ ಹೊರತು ರೂಢಿಯಾಗಬಾರದು. ಇದಲ್ಲದೆ, ಯಾವುದೇ ಹೊಸ ಕಾನೂನಿನ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ಪೂರ್ವಭಾವಿ ಸಮಾಲೋಚನಾ ನೀತಿಯನ್ನು ಕೇಂದ್ರ ಸರಕಾರ 2014ರಲ್ಲಿ ಅಂಗೀಕರಿಸಿದೆ. ಅದು ನೀತಿಯಷ್ಟೇ, ಕಾಯಿದೆಯಲ್ಲ ಎಂಬುದೂ ನಿಜ.

ಈ ವ್ಯವಸ್ಥೆ ಸರಿಯಾಗಿ ನಡೆದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು 2022ರೊಳಗೆ ನಿವಾರಿಸುವ ಗುರಿಯನ್ನು ಪ್ರಧಾನಿಯವರು 2018ರ ವಿಶ್ವ ಪರಿಸರ ದಿನದಂದು ಘೋಷಿಸಿದ್ದರು. ಅದಕ್ಕೆ ಸಂಬಂಧಿಸಿದ ಕರಡು 2021ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಪ್ಲಾಸ್ಟಿಕ್ ಕೈಚೀಲಗಳ ಕನಿಷ್ಠ ದಪ್ಪವನ್ನು 50 ಮೈಕ್ರಾನ್‌ನಿಂದ ಒಮ್ಮೆಲೇ 120ಕ್ಕೆ ಏರಿಸಬೇಕೆಂದು ಕರಡಿನಲ್ಲಿತ್ತು. ಆಗಸ್ಟ್ 12ರಂದು ಅಂತಿಮ ನಿಯಮ ಬಂದಾಗ ಇದು ಎರಡು ಹಂತವಾಗಿತ್ತು: 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್. ತಟ್ಟೆ, ಲೋಟ, ಚಮಚ, ಸ್ಟ್ರಾ, ಸಿಹಿತಿಂಡಿ ಡಬ್ಬಿಗೆ ಸುತ್ತುವ ಹಾಳೆ ಮುಂತಾದವುಗಳ ನಿಷೇಧಕ್ಕೆ 2022ರ ಜುಲೈ 1 ಎಂಬ ಒಂದೇ ದಿನಾಂಕ ನಿಗದಿಯಾಯಿತು. ಗುರಿ ಬದಲಾಗಲಿಲ್ಲ, ಆದರೆ ಅದನ್ನು ತಲುಪುವ ವೇಗ ಬದಲಾಯಿತು. ಯಂತ್ರಗಳನ್ನು ಬದಲಿಸಿಕೊಳ್ಳಬೇಕಾದ ತಯಾರಕನಿಗೂ ಇರುವ ದಾಸ್ತಾನು ಖಾಲಿ ಮಾಡಬೇಕಾದ ವರ್ತಕನಿಗೂ ನಿಶ್ಚಿತ ದಿನಾಂಕ ಮೊದಲೇ ಗೊತ್ತಿತ್ತು.

ಕೇಳುವುದೂ ಬಗ್ಗುವುದೂ ಒಂದೇ ಅಲ್ಲ

ಉದ್ಯಮದ ಅಭಿಪ್ರಾಯ ಕೇಳಬೇಕೆಂದಾಗ, ಉದ್ಯಮಿಗಳು ಸಹಜವಾಗಿ ತಮ್ಮ ಲಾಭವನ್ನೇ ನೋಡಿಕೊಳ್ಳುವುದಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಈ ಆತಂಕ ನಿರಾಧಾರವಲ್ಲ. ಚಿಪ್ಸ್, ಬಿಸ್ಕತ್ತುಗಳ ಹೊಳೆಯುವ ಪ್ಯಾಕೆಟುಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವುಗಳನ್ನು ಮರುಸಂಸ್ಕರಿಸುವುದು ಕಷ್ಟ. ಮರುಸಂಸ್ಕರಿಸಲಾಗದ ಇಂತಹ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಕೈಬಿಡಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದ್ದವು. ಎರಡು ವರ್ಷ ತುಂಬುವ ಹೊತ್ತಿಗೆ, 2018ರ ಮಾರ್ಚ್‌ನಲ್ಲಿ ತಿದ್ದುಪಡಿ ಬಂತು. ಸುಟ್ಟು ಶಾಖ ಪಡೆಯಲು ಬಾರದ ಅಥವಾ ಬೇರಾವ ಉಪಯೋಗಕ್ಕೂ ಒದಗದ ಪ್ಲಾಸ್ಟಿಕ್ ಎಂಬ ಅರ್ಥದ ಮಾತುಗಳು ನಿಯಮದೊಳಗೆ ಸೇರಿದವು. ಸಿಮೆಂಟ್ ಗೂಡಿನಲ್ಲಿ ಬಹುತೇಕ ಯಾವ ಪ್ಲಾಸ್ಟಿಕ್ಕನ್ನಾದರೂ ಸುಡಬಹುದಾದ್ದರಿಂದ ಆ ಪ್ಯಾಕೆಟುಗಳು ಅಂಗಡಿಗಳಲ್ಲಿ ಹಾಗೆಯೇ ಉಳಿದವು. ಕೆಲವೇ ಪದಗಳ ಸೇರ್ಪಡೆ ನಿಯಮದ ಗುರಿಯನ್ನೇ ಮೆತ್ತಗಾಗಿಸಿತು.

ಇದಕ್ಕೆ ವ್ಯತಿರಿಕ್ತವಾದ ಘಟನೆ 2022ರದು. ಹತ್ತು ರೂಪಾಯಿಯ ಹಣ್ಣಿನ ರಸ, ಮಜ್ಜಿಗೆಯ ಪೊಟ್ಟಣಗಳಿಗೆ ಅಂಟಿಸುವ ಪ್ಲಾಸ್ಟಿಕ್ ಸ್ಟ್ರಾಗೆ ಇನ್ನಷ್ಟು ಕಾಲಾವಕಾಶ ಬೇಕೆಂದು ಅಮುಲ್ ಸೇರಿದಂತೆ ದೊಡ್ಡ ಪಾನೀಯ ಸಂಸ್ಥೆಗಳು ಕೇಂದ್ರಕ್ಕೆ ಮನವಿ ಸಲ್ಲಿಸಿದವು. ಬದಲಿ ಸ್ಟ್ರಾಗಳು ಸಾಕಷ್ಟು ಪ್ರಮಾಣದಲ್ಲಿ ದೊರೆಯುತ್ತಿಲ್ಲವೆಂಬುದು ಅವರ ವಾದ. ಸರಕಾರ ದಿನಾಂಕವನ್ನು ಮುಂದೂಡಲಿಲ್ಲ. ಸಂಸ್ಥೆಗಳು ಕಾಗದದ ಹಾಗೂ ಸಸ್ಯಮೂಲದ ಸ್ಟ್ರಾಗಳಿಗೆ ಬದಲಾದವು.

ಇವೆರಡನ್ನೂ ಹೋಲಿಸಿದರೆ ಸಮಾಲೋಚನೆಯ ಮಿತಿ ಎಲ್ಲಿರಬೇಕೆಂಬುದು ಸ್ಪಷ್ಟವಾಗುತ್ತದೆ. ಕಸ ಕಡಿಮೆಯಾಗಬೇಕು ಎಂಬ ಗುರಿಯನ್ನು ಜನಪ್ರತಿನಿಧಿಗಳು ನಿರ್ಧರಿಸಬೇಕು. ಅದು ಚೌಕಾಸಿಗೆ ಒಳಪಡಬಾರದು. ಯಾವ ಕ್ರಮದಲ್ಲಿ, ಯಾವ ದಿನಾಂಕದಿಂದ, ಯಾರ ಮೇಲೆ ಎಷ್ಟು ಹೊಣೆ, ಬದಲಿ ವಸ್ತು ಯಾವುದು ಎಂಬಿವುಗಳಲ್ಲಿ ಉದ್ಯಮದ ಮಾತಿಗೆ ಪೂರ್ಣ ಬೆಲೆಯಿರಬೇಕು. ಯಾರು ಏನನ್ನು ಕೇಳಿದರು, ಸರಕಾರ ಯಾವುದನ್ನು ಒಪ್ಪಿತು, ಯಾವುದನ್ನು ಏಕೆ ತಿರಸ್ಕರಿಸಿತು ಎಂಬ ವಿವರವನ್ನು ಸರಕಾರವು ಅಂತಿಮ ನಿಯಮದೊಂದಿಗೇ ಪ್ರಕಟಿಸಿದರೆ ಬಾಗಿಲ ಹಿಂದಿನ ಒತ್ತಡಕ್ಕೆ ಅವಕಾಶ ಕಡಿಮೆಯಾಗುತ್ತದೆ.

ಯಾರ ದನಿ ಕೇಳಿಸುತ್ತದೆ?

‘ಉದ್ಯಮ’ ಎಂಬ ಒಂದೇ ಶಬ್ದದಲ್ಲಿ ಸಾವಿರಾರು ಕೋಟಿ ವಹಿವಾಟಿನ ಕಂಪನಿಯೂ ಇದೆ, ಎಂಟು ಮೇಜುಗಳ ಟಿಫಿನ್ ರೂಮೂ ಇದೆ. ದೊಡ್ಡ ಕಂಪನಿಗಳಲ್ಲಿ ರಾಜ್ಯಪತ್ರವನ್ನು ದಿನವೂ ಓದುವ ವಿಭಾಗಗಳಿರುತ್ತವೆ. ದೆಹಲಿಯಲ್ಲಿ ಅವರ ಒಕ್ಕೂಟಗಳ ಕಚೇರಿಗಳಿವೆ. ಮಾತು ಫಲಿಸದಿದ್ದರೆ ನ್ಯಾಯಾಲಯದ ದಾರಿಯೂ ಇದೆ. ಇಲೆಕ್ಟ್ರಾನಿಕ್ ತ್ಯಾಜ್ಯದ ಮರುಸಂಸ್ಕರಣೆಗೆ ಕಿಲೋಗೆ ಕನಿಷ್ಠ 22 ರೂಪಾಯಿ ತೆರಬೇಕೆಂದು 2024ರಲ್ಲಿ ನಿಗದಿಯಾದಾಗ ಏರ್‌ಕಂಡಿಶನರ್, ಟೆಲಿವಿಷನ್ ತಯಾರಿಸುವ ಹಲವು ಕಂಪನಿಗಳು ದೆಹಲಿ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದವು. ಬೆಳಗ್ಗೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವ ಹೊಟೇಲಿನ ಮಾಲಕರಿಗೆ ಇಂಗ್ಲಿಷ್, ಹಿಂದಿಯ ರಾಜ್ಯಪತ್ರ ಓದಲು ಸಮಯವಾದರೂ ಎಲ್ಲಿ? 60 ದಿನಗಳು ಅವರಿಗೆ ತಿಳಿಯದಂತೆಯೇ ಕಳೆದುಹೋಗುತ್ತವೆ. ನಿಯಮ ಬಂದ ಸುದ್ದಿ ಅವರಿಗೆ ಮುಟ್ಟುವುದು ಪಾಲಿಕೆಯ ಇನ್‌ಸ್ಪೆಕ್ಟರು ದಂಡದ ಚೀಟಿ ಹರಿಯುವಾಗ.

ಇವರಿಗಿಂತಲೂ ದೂರದಲ್ಲಿ ಉಳಿಯುವವರು ಚಿಂದಿ ಆಯುವವರು ಮತ್ತು ಗುಜರಿ ವ್ಯಾಪಾರಿಗಳು. ಧಾರಾವಿಯ ‘ತೇರಾ ಕಂಪೌಂಡ್’ನಂತಹ ಕಡೆಗಳಲ್ಲಿ ಬಣ್ಣ, ಗಡಸುತನ ನೋಡಿ ಪ್ಲಾಸ್ಟಿಕ್ಕನ್ನು ವಿಂಗಡಿಸಿ, ಕತ್ತರಿಸಿ, ಕರಗಿಸಿ ಮತ್ತೆ ಬಳಕೆಗೆ ತರುವ ಸಣ್ಣ ಘಟಕಗಳ ಕೆಲಸವೂ ಒಂದು ಉದ್ಯಮವೇ. ಇಂತಹವರನ್ನು ಕೇಳಿ ಒಳಗೊಂಡರೆ ಏನು ಸಾಧ್ಯವೆಂಬುದನ್ನು ಪುಣೆ ತೋರಿಸಿಕೊಟ್ಟಿದೆ. ಅಲ್ಲಿ 1993ರಲ್ಲಿ ಚಿಂದಿ ಆಯುವವರ ಸಂಘಟನೆ ಹುಟ್ಟಿಕೊಂಡಿತು. ಅದರಿಂದ ಬೆಳೆದ ‘ಸ್ವಚ್ಛ’ ಸಹಕಾರಿ ಸಂಸ್ಥೆಯು ಪುಣೆ ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸತೊಡಗಿತು. ಬೆಂಗಳೂರಿನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ನೀಡಿತು. ಅಲ್ಲಿನ ‘ಹಸಿರು ದಳ’ ಸಂಸ್ಥೆಯು ಅವರನ್ನು ಕಸ ನಿರ್ವಹಣೆಯ ಔಪಚಾರಿಕ ವ್ಯವಸ್ಥೆಯೊಳಗೆ ತರಲು ಶ್ರಮಿಸುತ್ತ ಬಂದಿದೆ.

ತಳಮಟ್ಟದ ಈ ಜನರನ್ನು ಬಿಟ್ಟು ಲೆಕ್ಕ ಹಾಕಿದರೆ ಲೆಕ್ಕವೇ ತಪ್ಪುತ್ತದೆ. ಪ್ಲಾಸ್ಟಿಕ್ ಹೊದಿಕೆ ಬಳಸುವ ಕಂಪನಿಗಳೇ ಅದರ ಮರುಸಂಸ್ಕರಣೆಯ ಹೊಣೆ ಹೊರಬೇಕೆಂಬ ‘ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ’ಯ ಮಾರ್ಗಸೂಚಿಗಳು 2022ರ ಫೆಬ್ರವರಿ 16ರಂದು ಜಾರಿಗೆ ಬಂದವು. ಕಂಪನಿಗಳು ನೋಂದಾಯಿತ ಮರುಸಂಸ್ಕರಣಾ ಘಟಕಗಳಿಂದ ಪ್ರಮಾಣಪತ್ರ ಕೊಂಡು ತಮ್ಮ ಗುರಿಯನ್ನು ಪೂರೈಸಬಹುದು. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಕೆಲವು ಘಟಕಗಳಿಂದ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರಗಳು ಸೃಷ್ಟಿಯಾಗಿರುವುದು ಬಯಲಾಯಿತು. ಒಂದು ಊರಿನಲ್ಲಿ ನಿಜವಾಗಿ ಎಷ್ಟು ಪ್ಲಾಸ್ಟಿಕ್ ಸಂಗ್ರಹವಾಗುತ್ತದೆ ಎಂಬುದು ಚಿಂದಿ ಆಯುವವರಿಗೂ ಗುಜರಿಯವರಿಗೂ ಗೊತ್ತು. ಅವರ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಇಂತಹ ಸುಳ್ಳು ಬೇಗನೆ ಸಿಕ್ಕಿಬೀಳುತ್ತದೆ.

ನಮ್ಮ ಸಂಘ-ಸಂಸ್ಥೆಗಳು ಮಾಡಬಹುದಾದದ್ದು

ಗೃಹಸಂಕುಲಗಳಲ್ಲಿ ವಾಸಿಸುವ ನಮ್ಮವರಿಗೂ ಈ ವಿಷಯ ಅಪರಿಚಿತವಲ್ಲ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹೊರಬೀಳುವ ಸೊಸೈಟಿಗಳು, ಹೊಟೇಲುಗಳು ಹಸಿಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಿಕೊಳ್ಳಬೇಕೆಂದು ಮುಂಬಯಿ ಪಾಲಿಕೆ 2017ರ ಅಕ್ಟೋಬರ್ 2ರ ಗಡುವು ವಿಧಿಸಿದಾಗ, ಜಾಗವಿಲ್ಲದ ಹಳೆಯ ಕಟ್ಟಡಗಳು ಪಟ್ಟ ಪಾಡು ಅನೇಕರಿಗೆ ನೆನಪಿರಬಹುದು. ಕೊನೆಗೆ ಪಾಲಿಕೆಯು ಮನವಿ ಸಲ್ಲಿಸಿದವರಿಗೆ ಗಡುವು ವಿಸ್ತರಿಸಬೇಕಾಯಿತು. ಗಿರಾಕಿಯೂ ನಾವೇ, ಮಾಲಕರೂ ನಾವೇ, ಹೊಗೆ ಕುಡಿಯುವ ನಿವಾಸಿಗಳೂ ನಾವೇ ಆಗಿರುವಾಗ ಮೂರೂ ಕಡೆಯಿಂದ ಯೋಚಿಸಿ ಮಾತನಾಡುವ ಅವಕಾಶ ನಮ್ಮ ಸಂಘಗಳಿಗಿದೆ.

ಇದಕ್ಕೆ ದೊಡ್ಡ ಖರ್ಚಿನ ಅಗತ್ಯವಿಲ್ಲ. ಕೇಂದ್ರ ಪರಿಸರ ಸಚಿವಾಲಯ, ರಾಜ್ಯದ ಪರಿಸರ ಇಲಾಖೆ ಮತ್ತು ಪಾಲಿಕೆಗಳು ಪ್ರಕಟಿಸುವ ಕರಡುಗಳನ್ನು ಗಮನಿಸುವ ಹೊಣೆಯನ್ನು ಸಂಘದ ಓರ್ವ ವಿದ್ಯಾವಂತ ಯುವಕನಿಗೋ ಯುವತಿಗೋ ವಹಿಸಬಹುದು. ಕರಡಿನ ಸಾರಾಂಶವನ್ನು ಒಂದು ಪುಟದ ಕನ್ನಡದಲ್ಲಿ ಬರೆದು ಸದಸ್ಯರಿಗೆ ತಲುಪಿಸಬಹುದು. ಹೊಟೇಲು, ಅಂಗಡಿ ನಡೆಸುವ ಸದಸ್ಯರಿಂದ ಉತ್ತರ ಪಡೆಯುವಾಗ ‘ನಮಗೆ ಕಷ್ಟವಾಗುತ್ತದೆ’ ಎಂಬ ಮಾತಿಗಿಂತ ಅಂಕಿಗಳಿಗೆ ಪ್ರಾಶಸ್ತ್ಯ ಕೊಡಬೇಕು. ದಿನಕ್ಕೆ ಎಷ್ಟು ಪಾರ್ಸೆಲ್, ಒಂದಕ್ಕೆ ಈಗ ತಗಲುವ ಖರ್ಚೆಷ್ಟು, ಬದಲಿ ಡಬ್ಬಿಗೆ ಎಷ್ಟು, ಅದು ಯಾವ ಊರಿನಿಂದ ಬರುತ್ತದೆ, ಎಷ್ಟು ತಿಂಗಳ ದಾಸ್ತಾನು ಉಳಿದಿದೆ ಎಂಬ ಐದು ಪ್ರಶ್ನೆಗಳು ಸಾಕು. ಐವತ್ತು ಹೊಟೇಲುಗಳ ಇಂತಹ ಲೆಕ್ಕವಿರುವ ಒಂದೇ ಪತ್ರವನ್ನು ಯಾವ ಅಧಿಕಾರಿಯೂ ಸುಲಭವಾಗಿ ಬದಿಗಿಡಲಾರ. ಅದರಲ್ಲಿ ಪರ್ಯಾಯ ಸಲಹೆಯೂ ಇರಬೇಕು: ಗಿರಾಕಿ ತನ್ನ ಡಬ್ಬಿ ತಂದರೆ ರಿಯಾಯಿತಿ, ಠೇವಣಿ ಪಡೆದು ಸ್ಟೀಲ್ ಡಬ್ಬಿ ಕೊಡುವ ವ್ಯವಸ್ಥೆ, ಒಂದು ಬೀದಿಯ ಹೊಟೇಲುಗಳು ಕೂಡಿ ಗುಜರಿಯವರೊಂದಿಗೆ ಮಾಡಿಕೊಳ್ಳುವ ಒಪ್ಪಂದ ಇತ್ಯಾದಿ.

ನಿಷೇಧವನ್ನು ವಿರೋಧಿಸುವುದಕ್ಕಷ್ಟೇ ಒಂದಾಗುವ ಉದ್ಯಮಿಗಳ ಮೇಲೆ ಸರಕಾರಕ್ಕೂ ಜನರಿಗೂ ನಂಬಿಕೆ ಹುಟ್ಟುವುದಿಲ್ಲ. ಗುರಿಯನ್ನು ಒಪ್ಪಿಕೊಂಡು ದಾರಿಯ ಕುರಿತು ಖಚಿತವಾಗಿ ಮಾತನಾಡುವವರಿಗೆ ಸಮಾಲೋಚನೆಯ ಮೇಜಿನಲ್ಲಿ ಸ್ಥಾನ ತಾನಾಗಿ ದೊರೆಯುತ್ತದೆ. ಮುಂದಿನ ಕರಡು ಪ್ರಕಟವಾದಾಗ ಆ 60 ದಿನಗಳು ಮುಗಿಯುವ ಮುನ್ನ ಹೊರನಾಡ ಕನ್ನಡಿಗರ ಪತ್ರವೊಂದು ಸಚಿವಾಲಯವನ್ನು ತಲುಪುವಂತಾದರೆ, ನಮ್ಮ ಮಾಟುಂಗ, ಅಂಧೇರಿ, ಥಾಣೆ, ಡೊಂಬಿವಲಿಯ ಹೊಟೇಲುಗಳ ಅಡುಗೆಮನೆಯ ಅನುಭವವೂ ಆ ಕಾನೂನಿನಲ್ಲಿ ಸೇರಿಕೊಳ್ಳುತ್ತದೆ.